ದುಂಡು ಚರ್ಚಿನ ನಡುವೆ

ಲ್ಯಾನ್ಸಿ,

ಇವತ್ತು ಪೆಟಾಲಿಂಗ್ ಜಯಾದ ನಮ್ಮ ಚರ್ಚಿನ ಬಾಗಿಲು ಮತ್ತೆ ತೆರೆದರು, ನಿನ್ನ ಆತ್ಮಕ್ಕಾಗಿ ಪೂಜೆಯೂ ಆಯಿತು. ಕೊರೊನಾ ನಿಯಮವೆಂದು ಹತ್ತೇ ಜನ. "ಸಾಲಾಗಿ ಬೇಡ ಲಾ, ಸುತ್ತ ಕೂತ್ಕೊಳ್ಳಿ, ದೂರ ದೂರ," ಎಂದು ತಮ್ಮ ಮಲೇಷ್ಯಾದ 'ಲಾ' ಸೇರಿಸಿ ಅಲ್ಬಿನಾ ಆಂಟಿ ಕುರ್ಚಿಗಳನ್ನು ವೃತ್ತವಾಗಿ ಇಡಿಸಿದರು. ನಿನ್ನನ್ನು ಆಸ್ಪತ್ರೆಯಿಂದಲೇ ಹೂಳಲು ಒಯ್ದಿದ್ದರಲ್ಲ, ಪೆಟ್ಟಿಗೆ ಇರಬೇಕಾಗಿದ್ದ ನಡುಜಾಗ ಬರಿದಾಗಿತ್ತು.

ನಿನ್ನ ದುಂಡು ಚರ್ಚು ನೆನಪಾಯಿತು. ಕಾಲೇಜಿನಲ್ಲಿ ಪಾಠ ಮಾಡಿದ್ದು ಸಾಲದೆಂದು ಊಟದ ಮೇಜಿನ ಮೇಲೆ ಎಂಟು ಲೋಟ ಸುತ್ತ ನಿಲ್ಲಿಸಿ ನಮಗೂ ಹೇಳುತ್ತಿದ್ದೆ. ಒಂಬೈನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಕಟ್ಟಿದ್ದು, ಎಂಟು ದಪ್ಪ ಕಂಬ. ಜೆರುಸಲೇಮಿನಲ್ಲಿ ಯೇಸುವಿನ ಖಾಲಿ ಸಮಾಧಿಯ ಸುತ್ತ ಇರುವ ಚರ್ಚಿನ ನಕಲು. "ಅಳ್ಬೇಕು ಅಂದ್ರೆ ಅಲ್ಲಿ ಒಂದು ಮೂಲೆನೂ ಸಿಗಲ್ಲ," ಎಂದು ನಗುತ್ತಿದ್ದೆ. ನಿಜ. ಇವತ್ತು ಎಲ್ಲರ ಕಣ್ಣೂ ಎಲ್ಲರಿಗೂ ಕಂಡಿತು. ಮಾಸ್ಕ್ ಮುಚ್ಚಿದ್ದು ಬಾಯಿಯನ್ನು ಮಾತ್ರ.

ನಿನ್ನ ಹೆಸರಿನ ಊಟವನ್ನು ಎಲ್ಲರೂ ತಪಾವ್ ಪೊಟ್ಟಣಗಳಲ್ಲಿ ಕಟ್ಟಿಸಿಕೊಂಡು ಮನೆಗೆ ಹೋದರು. ನಮ್ಮ ಡೀನಾ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಆ ಬರಿದು ಜಾಗವನ್ನೇ ನೋಡುತ್ತ, ಎಂದಿನಂತೆ ಇಂಗ್ಲಿಷಿನಲ್ಲಿ, ಹಿಂದೆ ನಿನ್ನನ್ನು ಕೇಳಿದ್ದನ್ನೇ ನನ್ನನ್ನು ಕೇಳಿದಳು: ಡ್ಯಾಡಿಯ ಚರ್ಚಿನಲ್ಲಿ ನಡುವೆ ಒಂದು ಕಂಬವೂ ಇಲ್ಲದೆ ಅಷ್ಟು ಭಾರದ ಚಾವಣಿ ಹೇಗೆ ನಿಂತಿದೆ?

ನನಗೆ ಗೊತ್ತಿಲ್ಲ. ಐಸಿಯುವಿನಿಂದ ಕಡೆಯ ಸಲ ವಿಡಿಯೊದಲ್ಲಿ ಬಂದಾಗ ನೀನು ಅದನ್ನೇ ಶುರು ಮಾಡಿದ್ದೆ. "ಡೀನಾ ಕೇಳಿದ್ಳಲ್ಲ, ಆ ಚಾವಣಿ..."

"ಈಗ ಮಾತಾಡ್ಬೇಡ," ಅಂದೆ ನಾನು. "ಮನೆಗೆ ಬಂದ್ಮೇಲೆ ಹೇಳುವೆಯಂತೆ."