ಲೆನ್ಸಿನ ಅಂಚಿನ ನೆಗ್ಗು

ಪ್ರೀತಿಯ ಅಣ್ಣನಿಗೆ,

ಅಪ್ಪನ ಹಳೆಯ ಲೆನ್ಸಿಗೆ ರಿಂಗು ಕೂರುವುದಿಲ್ಲವಂತೆ. ಕ್ಯಾಮೆರಾ ರಿಪೇರಿಯವರು ನಿನ್ನೆ ಹೇಳಿದರು. ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಜೋಡಿಸಿದರೆ ಹುಳುಗಳ ಫೋಟೊ ದೊಡ್ಡದಾಗಿ ಬರುತ್ತದೆ. ದುಬಾರಿ ಲೆನ್ಸು ಬೇಕಿಲ್ಲ, ಹಾಗೆ ಜೋಡಿಸಲು ಒಂದು ರಿಂಗು ಸಾಕು. ಆದರೆ ರಿಂಗು ಕೂರಬೇಕಾದ ಇದರ ಮುಂದಿನ ಅಂಚು ನೆಗ್ಗಿದೆ. "ಯಾರಮ್ಮಾ ಇದನ್ನ ಬೀಳಿಸಿದ್ದು?" ಎಂದು ಅವರು ಕೇಳಿದರು. ಗೊತ್ತಿಲ್ಲ ಎಂದುಬಿಟ್ಟೆ.

ನಿನಗೆ ನೆನಪಿರಬೇಕು. ಚಿಕ್ಕವರಿದ್ದಾಗ ನೀನು ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಇದೇ ಲೆನ್ಸನ್ನು ತಿರುಗಿಸಿ ಹಿಡಿದು ನನಗೆ ಇರುವೆ ತೋರಿಸಿದ್ದೆ. "ನೋಡೇ, ಇದರ ಮೀಸೆ ಅಪ್ಪನದಕ್ಕಿಂತ ಜೋರಾಗಿದೆ" ಅಂದೆ. ನಾನು ನಗುತ್ತಾ ಕಸಿದುಕೊಂಡೆ, ಕೈಜಾರಿತು. ಅಪ್ಪ ಬಂದಾಗ ನೀನು "ನಾನೇ ಬೀಳಿಸಿದೆ" ಅಂದುಬಿಟ್ಟೆ. ಆಮೇಲೆ ಅವರು ನಿನಗೆ ಕ್ಯಾಮೆರಾ ಮುಟ್ಟಲು ಬಿಡಲೇ ಇಲ್ಲ. ಅವರ ಫೋಟೊ ಸ್ಟುಡಿಯೊ ನನ್ನ ಪಾಲಿಗೆ ಬಂತು.

ಲೆನ್ಸನ್ನು ಕೈಯಲ್ಲೇ ಕ್ಯಾಮೆರಾಕ್ಕೆ ಒತ್ತಿ ಹಿಡಿದು ತೆಗೆದ ಇರುವೆಯ ಒಂದು ಫೋಟೊ ಇದರ ಜೊತೆಗಿದೆ. ಸ್ವಲ್ಪ ಅಲುಗಾಡಿದೆ, ನಗಬೇಡ. ಇಂಥ ಕೆಲಸಕ್ಕೆ ನಿನ್ನ ಕೈಯೇ ಸರಿ.

ಭಾನುವಾರ ಹತ್ತು ಗಂಟೆಗೆ ಅಪ್ಪ ಸ್ಟುಡಿಯೊಗೆ ಬರುತ್ತಾರೆ. ಬೀಳಿಸಿದ್ದು ನಾನು ಎಂದು ಅವರಿಗೆ ಹೇಳುತ್ತೇನೆ. ನೀನು ಹನ್ನೊಂದಕ್ಕೆ ಬಾ.

ನಿನ್ನ ತಂಗಿ