ಕೊಡಲಿ ಹಿಡಿದ ನರ್ಸ್

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಸ್ಪತ್ರೆಯಿಂದ ನಿವೃತ್ತಳಾದವಳಿಗೆ ಇರುವುದೆಲ್ಲ ಬಿಡುವೇ. ಭಾವನ ಆಪರೇಷನ್ ಆದಮೇಲೆ "ಹೇಗೂ ನೀನಿದ್ದೀಯಲ್ಲ, ಎರಡು ತಿಂಗಳು ಬಂದು ನೋಡ್ಕೋ" ಎಂದು ಬರೆದಿದ್ದೀಯ. ಓದಿ ಸಿಟ್ಟು ಬಂತು. ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ತಡವಾದದ್ದಕ್ಕೆ ಕ್ಷಮಿಸು, ಸಿಟ್ಟಿಗಲ್ಲ.

ಉತ್ತರಕ್ಕೆ ಮೊದಲು ನನ್ನ ಸುದ್ದಿ ಕೇಳು. ಪ್ರತಿ ಭಾನುವಾರ ಮಧ್ಯಾಹ್ನ ಮಹಡಿ ಮೇಲಿನ ಲೆಕ್ಕದ ಮೇಷ್ಟ್ರ ಮನೆಯಲ್ಲಿ ನಾಲ್ಕು ಜನ ಸೇರಿ ಒಂದು ಆಟ ಆಡುತ್ತೇವೆ. ನಗಬೇಡ. ಮೇಷ್ಟ್ರು ರಾಕ್ಷಸರು, ಗುಹೆಗಳ ಕಥೆ ಹೇಳುತ್ತಾರೆ. ನಾವು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದರೊಳಗೆ ಹೋಗುತ್ತೇವೆ. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಯೋಧ, ಮಾಂತ್ರಿಕ, ಕಳ್ಳ, ವೈದ್ಯ, ಇವರಲ್ಲಿ ಯಾರಾಗಬೇಕೆಂದು ಮೊದಲೇ ಆರಿಸಿಕೊಳ್ಳಬೇಕು. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಮಾಂತ್ರಿಕನಾದ. ಟೈಲರಮ್ಮ, ಅಷ್ಟು ಸಾಧು ಹೆಂಗಸು, ಕಳ್ಳಿಯಾದಳು!

ಪಾತ್ರದ ಹಾಳೆ ಕೈಗೆ ಬಂದ ಕೂಡಲೇ ನಾನು ಅಭ್ಯಾಸಬಲದಿಂದ ಮೂಲೆಯಲ್ಲಿ ತೂಕ, ರಕ್ತದ ಗುಂಪು, ಆಗಿಬರದ ಔಷಧಿ ಎಲ್ಲ ಬರೆದುಬಿಟ್ಟೆ. ಬಿದ್ದು ಬಿದ್ದು ನಕ್ಕರು. "ನಿಮ್ಮನ್ನೇನು ಕೇಳೋದು ಸಿಸ್ಟರ್, ನೀವು ವೈದ್ಯೆ ತಾನೆ?" ಎಂದ ಎಲೆಕ್ಟ್ರಿಷಿಯನ್. ಮೈಯೆಲ್ಲ ಉರಿಯಿತು. "ಅಲ್ಲ ಕಣಪ್ಪ. ನಾನು ಯೋಧೆ. ಕೊಡಲಿ ಕೊಡಿ," ಎಂದೆ. ಪಾತ್ರದ ಶಕ್ತಿಗಳಿಗೆ ಹಂಚಲು ಕೊಟ್ಟಿದ್ದ ಅಂಕಗಳನ್ನೆಲ್ಲ ತೋಳ್ಬಲಕ್ಕೆ ಸುರಿದು, ಚಿಕಿತ್ಸೆಯ ಚೌಕದಲ್ಲಿ ದೊಡ್ಡ ಸೊನ್ನೆ ಬರೆದೆ. "ಗಾಯ ಆದ್ರೆ ಯಾರು ನೋಡ್ತಾರೆ?" ಎಂದರು ಮೇಷ್ಟ್ರು. "ಯಾರಾದ್ರೂ ನೋಡ್ಲಿ. ಮೂವತ್ತೆರಡು ವರ್ಷ ನಾನು ನೋಡಿದ್ದಾಯ್ತು."

ಕಳೆದ ವಾರ ಗುಹೆಯಲ್ಲಿ ಟೈಲರಮ್ಮನ ಕಳ್ಳಿಗೆ ಈಟಿ ನಾಟಿತು. ಮೂವರೂ ನನ್ನ ಮುಖವನ್ನೇ ನೋಡಿದರು. ನಿನ್ನಾಣೆ ಅಕ್ಕ, ಕೈ ತಾನಾಗಿ ಬ್ಯಾಂಡೇಜಿಗೆ ತಡಕಾಡಿತು. ಹಾಳೆಯಲ್ಲಿ ಸೊನ್ನೆಯಿತ್ತಲ್ಲ! ಕೊಡಲಿ ಹಿಡಿದು ಅವಳ ಪಕ್ಕ ನಿಂತೆ, ಬಂದವರನ್ನೆಲ್ಲ ಕಡಿದೆ. ಆದರೂ ಕಳ್ಳಿ ಉಳಿಯಲಿಲ್ಲ. ಟೈಲರಮ್ಮ ಹಾಳೆ ಮಡಿಚಿಟ್ಟು, "ಪಕ್ಕದಲ್ಲೇ ಇದ್ರಲ್ಲ ಸಿಸ್ಟರ್, ಅಷ್ಟು ಸಾಕು," ಎಂದು ಹೊಸ ಪಾತ್ರ ಬರೆಯಲು ಕೂತಳು. ಈ ಸಲ ಅವಳೇ ವೈದ್ಯೆಯಂತೆ. ಯಾರೂ ನನ್ನನ್ನು ದೂರಲಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. ಆಗುವುದಿಲ್ಲ ಅಕ್ಕ. ಭಾವನನ್ನು ನೋಡಿಕೊಳ್ಳಲು ಬೇರೆ ನರ್ಸ್ ಗೊತ್ತುಮಾಡು, ಒಳ್ಳೆಯವಳನ್ನು ನಾನೇ ಹೇಳುತ್ತೇನೆ. ನಾನೂ ಬರುತ್ತೇನೆ. ಸೋಫಾದ ಮೇಲೆ ಕಾಲು ಚಾಚಿ ಕೂತು ಭಾವನನ್ನು ರೇಗಿಸುತ್ತೇನೆ, ನೀನು ಮಾಡಿಕೊಟ್ಟ ಟೀ ಕುಡಿಯುತ್ತೇನೆ. ಥರ್ಮಾಮೀಟರ್ ಮಾತ್ರ ಮುಟ್ಟುವುದಿಲ್ಲ.

ಭಾವ ಬೇಗ ಎದ್ದು ಓಡಾಡುವಂತಾಗಲಿ. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ನನ್ನ ಹಾಗೆ ಹಟಮಾರಿಯಾದ ಚಿಕ್ಕವಳಿಗೆ ಒಂದು ಪಾಲು ಹೆಚ್ಚು.

ನಿನ್ನ ತಂಗಿ,
ಕೊಡಲಿಯವಳು

ತಾ.ಕ.: ಅಮ್ಮ ಹೋದ ದಿನ ಬಂದವರೆಲ್ಲರ ಎದುರು ನೀನು "ಮನೇಲೇ ನರ್ಸ್ ಇದ್ದೂ ಅಮ್ಮ ಉಳೀಲಿಲ್ಲ" ಎಂದೆ. ಹನ್ನೊಂದು ವರ್ಷವಾಯಿತು. ಅಮ್ಮ ಮಲಗಿದ್ದ ಆ ಆರು ತಿಂಗಳು ಅವಳ ಕೈ ಹಿಡಿದಾಗಲೆಲ್ಲ ನಾನು ನಾಡಿ ಎಣಿಸುತ್ತಿದ್ದೆ. ಸುಮ್ಮನೆ ಹಿಡಿದುಕೊಂಡು ಕೂರಲು ಒಂದು ದಿನವೂ ಆಗಲಿಲ್ಲ. ನೀನು ಕೊನೆಯ ನಾಲ್ಕು ದಿನಕ್ಕೆ ಬಂದೆ, ಮಗಳಾಗಿ ಅತ್ತು, ಹೋದೆ. ನನಗೆ ಅದೂ ಸಿಗಲಿಲ್ಲ.