ರೊಟ್ಟಿ ಬಡಿದ ಎದೆಪಟ್ಟಿ

ಬೆಳಗಾವಿ, ಗುರುವಾರ

ಅಪ್ಪಾರಿಗೆ ಯಶೋಧರಾಳ ಜೈಭೀಮ.

ಫೋನ್ ಮಾಡಿದರೆ ಅವ್ವನೇ ಎತ್ತುತ್ತಾಳೆ. ಅದಕ್ಕೇ ಈ ಪತ್ರವನ್ನು ಕುಲಗೋಡಕ್ಕೆ ಹೊರಟಿದ್ದ ಲಖನ ಕಾಕಾನ ಕೈಯಲ್ಲಿ ಕೊಟ್ಟಿದ್ದೇನೆ. ಅವಳಿಗೆ ಓದಿ ಹೇಳಬೇಡಿ.

ನನ್ನ ಸಂಶೋಧನೆಗೆಂದು ನಿಮಗೆ ಕೊಟ್ಟ ಎದೆಪಟ್ಟಿ ಎದೆಬಡಿತವನ್ನಷ್ಟೇ ಅಲ್ಲ, ಮೈಯ ಅಲುಗಾಟವನ್ನೂ ಬರೆದುಕೊಂಡು ಇಲ್ಲಿಗೆ ಕಳಿಸುತ್ತದೆ. ದಿನಾ ಬೆಳಿಗ್ಗೆ ಆರಕ್ಕೆ ಒಂದೇ ಸಮನೆ ಅಲುಗಾಟ, ತುಸು ಬಿಡುವು, ಮತ್ತೆ ಅಲುಗಾಟ. ಹೀಗೆ ಇಪ್ಪತ್ತು ಸಲ. ಪಟ್ಟಿಯೇ ಕೆಟ್ಟಿದೆ ಎಂದುಕೊಂಡಿದ್ದೆ. ನಿನ್ನೆ ಖಾನಾವಳಿಯಲ್ಲಿ ಊಟಕ್ಕೆ ಕುಳಿತಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು, ಆಗ ತಿಳಿಯಿತು. ಅಪ್ಪಾ, ನೀವು ಒಂದು ದಿನವೂ ರೊಟ್ಟಿ ಬಡಿದವರಲ್ಲ.

ಹೋದ ವಾರ ಕೇಳಿದಾಗ ಅವ್ವ, "ಅವರು ದಿನಾ ಕಟ್ಕೋತಾರವಾ, ನೀ ಕಾಳಜಿ ಮಾಡಬ್ಯಾಡ" ಅಂದಿದ್ದಳು. ನೀವು ಒಲ್ಲೆ ಅಂದಿರಬೇಕು. ನನ್ನ ಕೆಲಸ ಕೆಡಬಾರದೆಂದು ತಾನೇ ಕಟ್ಟಿಕೊಂಡಿದ್ದಾಳೆ. ಬೈಯಬೇಡಿ.

ಆ ಎದೆಬಡಿತ ನಡುನಡುವೆ ತಪ್ಪುತ್ತಿದೆ. ಎರಡು ವಾರ ಅದನ್ನು ನಿಮ್ಮದೆಂದೇ ನೋಡುತ್ತಿದ್ದೆ. ಇಲ್ಲಿಯ ಡಾಕ್ಟರಿಗೆ ತೋರಿಸಿದೆ. ಗಾಬರಿಯಾಗುವಂಥದ್ದಲ್ಲ, ಆದರೆ ಬೇಗ ಕರೆಸಿ ಎಂದರು. ಸೋಮವಾರ ಹತ್ತರೊಳಗೆ ಅವಳನ್ನು ಗೋಕಾಕಕ್ಕೆ ಕರೆದುಕೊಂಡು ಬನ್ನಿ. ನಾನು ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ, ಅಲ್ಲಿಂದ ಕೂಡಿಯೇ ಬೆಳಗಾವಿಯ ಡಾಕ್ಟರ ಹತ್ತಿರ ಹೋಗೋಣ. ಅವತ್ತು ರೊಟ್ಟಿ ಬೇಡ, ಚುರುಮುರಿ ತಿಂದು ಹೊರಡಿ.

ಅವ್ವನಿಗೆ ಮಾತ್ರ ಪರೀಕ್ಷೆ ನಿಮ್ಮದು ಎಂದೇ ಹೇಳಿ. ತನ್ನದೆಂದರೆ ಅವಳು ಬಸ್ಸು ಹತ್ತುವುದಿಲ್ಲ.

ನಿಮ್ಮ ಮಗಳು
ಯಶೋಧರಾ